ಕೈರೋಗೆ ಬರುವವರಿಗೆ, ರೊಟ್ಟಿಯ ವಿಚಾರ

"ಈಜಿಪ್ಟ್‌ಗೆ ಗೋಧಿ ಎಲ್ಲ ಹೊರಗಿಂದಲೇ ಬರುತ್ತಂತೆ, ರೊಟ್ಟಿ ಸಿಗದಿದ್ರೆ ದಂಗೆ ಏಳ್ತಾರಂತೆ, ಹೆಂಡತಿ ಮಗುವನ್ನ ಕರ್ಕೊಂಡು ಬರಬಹುದಾ?" ಅಂತ ಕೇಳಿದ್ದೀರಿ. ಧೈರ್ಯವಾಗಿ ಕರ್ಕೊಂಡು ಬನ್ನಿ. ಕಂಪನಿ ಸಂಬಳದ ಮೇಲೆ ಬರೋರ ಮನೇಲಿ ಹಿಟ್ಟಿಗೆ ತತ್ವಾರ ಬರೋದಿಲ್ಲ. ಆದರೆ ನೀವು ಕೇಳಿರೋದು ಪೂರ್ತಿ ಸುಳ್ಳೂ ಅಲ್ಲ.

ನೈಲ್ ದಂಡೆಯಲ್ಲಿ ಗೋಧಿ ಬೆಳೀತಾರೆ. ಸಾಲೋದಿಲ್ಲ ಅಷ್ಟೆ. ಹತ್ತು ಕೋಟಿ ದಾಟಿದ ಜನ, ಉಳೋಕೆ ನದಿಯ ಎರಡು ಮಗ್ಗುಲಿನ ಪಟ್ಟಿ ಮತ್ತು ಡೆಲ್ಟಾ, ಉಳಿದದ್ದು ಮರಳು. ಹಾಗಾಗಿ ಸುಮಾರು ಅರ್ಧದಷ್ಟು ಹಡಗಿನಲ್ಲೇ ಬರಬೇಕು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ ಇಲ್ಲಿ ಎಲ್ಲರೂ ಬೆಚ್ಚಿದ್ದು ಅದಕ್ಕೇ. ಆಮದಿನಲ್ಲಿ ಶೇ. 80ರಷ್ಟು ಆ ಎರಡೇ ದೇಶದ್ದಾಗಿತ್ತು. ಆ ವರ್ಷ ಭಾರತದ ಗೋಧಿಗೂ ಈಜಿಪ್ಟ್ ಒಪ್ಪಿಗೆ ಕೊಟ್ಟಿತು. ಮೇ ತಿಂಗಳಲ್ಲಿ ನಮ್ಮ ಸರ್ಕಾರ ರಫ್ತು ನಿಲ್ಲಿಸಿದ ಮೇಲೂ ಕಾಂಡ್ಲಾ ಬಂದರಿನಲ್ಲಿ ಈಜಿಪ್ಟ್‌ಗೆಂದು ತುಂಬುತ್ತಿದ್ದ ಹಡಗನ್ನ ಹೊರಡೋಕೆ ಬಿಟ್ಟರು.

ಇಲ್ಲಿಯ ರೊಟ್ಟಿ ಐಶ್ ಬಲದಿ. ನಮ್ಮಲ್ಲಿ ರೇಷನ್ ಅಕ್ಕಿ ಹೇಗೋ ಹಾಗೆ. ಕಾರ್ಡಿನಲ್ಲಿ ಹೆಸರಿರೋ ಒಬ್ಬೊಬ್ಬರಿಗೂ ದಿನಕ್ಕೆ 5 ರೊಟ್ಟಿ, ಸುಮಾರು 7 ಕೋಟಿ ಜನ ಅದನ್ನ ನಂಬಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಲೆ 5 ಪಿಯಾಸ್ತರ್ (ನೂರು ಪಿಯಾಸ್ತರ್‌ಗೆ ಒಂದು ಈಜಿಪ್ಟ್ ಪೌಂಡ್) ದಾಟಲಿಲ್ಲ. ಏರಿಸೋಕೆ ಸರ್ಕಾರಗಳಿಗೆ ಧೈರ್ಯ ಇರಲಿಲ್ಲ. ಬದಲಿಗೆ 2020ರಲ್ಲಿ ತೂಕವನ್ನ 110 ಗ್ರಾಮಿನಿಂದ 90ಕ್ಕೆ ಇಳಿಸಿದರು. ಕೊನೆಗೆ 2024ರ ಜೂನ್ 1ರಂದು ಬೆಲೆ 20 ಪಿಯಾಸ್ತರ್ ಆಯ್ತು.

ಆ ಹೆದರಿಕೆ ಹುಟ್ಟಿದ್ದು 1977ರ ಜನವರಿಯಲ್ಲಿ. ಆಗಿನ ಅಧ್ಯಕ್ಷ ಸಾದತ್ ಸರ್ಕಾರ ಸಾಲ ಕೊಡೋರ ಒತ್ತಡಕ್ಕೆ ಹಿಟ್ಟು, ಅಕ್ಕಿ, ಎಣ್ಣೆಯ ಸಬ್ಸಿಡಿ ಕತ್ತರಿಸಿತು. ಅಲೆಕ್ಸಾಂಡ್ರಿಯಾದಿಂದ ಅಸ್ವಾನ್‌ವರೆಗೆ ಎರಡು ದಿನ ಊರೂರು ಹೊತ್ತಿ ಉರೀತು, ಸೈನ್ಯ ಇಳೀತು, ಎಂಬತ್ತರಷ್ಟು ಜನ ಸತ್ತರು. ತೀರ್ಮಾನ ವಾಪಸ್ಸಾಯ್ತು. 2008ರಲ್ಲಿ ಜಗತ್ತಿನ ಗೋಧಿ ಬೆಲೆ ಏರಿ, ಅಗ್ಗದ ಹಿಟ್ಟು ಕಾಳಸಂತೆಗೆ ಸೋರಿ, ರೊಟ್ಟಿ ಸಾಲಿನಲ್ಲೇ ಜಗಳವಾಗಿ ಪ್ರಾಣ ಹೋದವು. ಆಗಿನ ಅಧ್ಯಕ್ಷ ಮುಬಾರಕ್, ಸೈನ್ಯದ ಒಲೆಗಳಲ್ಲಿ ರೊಟ್ಟಿ ಸುಡಿಸಬೇಕಾಯ್ತು. 2011ರಲ್ಲಿ ಮುಬಾರಕ್‌ನನ್ನ ಇಳಿಸಿದ ಚಳವಳಿಯಲ್ಲಿ, ಕೈರೋದ ತಹ್ರೀರ್ ಚೌಕದ ಘೋಷಣೆ ಶುರುವಾಗಿದ್ದೇ ರೊಟ್ಟಿಯಿಂದ, ಸ್ವಾತಂತ್ರ್ಯ ಆಮೇಲೆ. 2017ರ ಮಾರ್ಚ್‌ನಲ್ಲಿ ಹಳೇ ಕಾಗದದ ಕಾರ್ಡಿನವರ ಪಾಲು ಕಡಿಮೆ ಮಾಡಿದ್ದಕ್ಕೆ ಅಲೆಕ್ಸಾಂಡ್ರಿಯಾದಲ್ಲಿ, ಕೈರೋ ಪಕ್ಕದ ಬಡಾವಣೆ ಇಂಬಾಬಾದಲ್ಲಿ ಹೆಂಗಸರು ರಸ್ತೆ ತಡೆದರು. ಬಡವರ ತಟ್ಟೆಗೆ ಕೈಹಾಕಿದಾಗ ಅವರು ಎದ್ದು ನಿಲ್ಲೋದು ನ್ಯಾಯ ಅಂತಲೇ ನನಗೆ ಅನ್ನಿಸೋದು. ದಯವಿಟ್ಟು ಅದನ್ನ ಬರೀ ಗಲಾಟೆ ಅನ್ನಬೇಡಿ.

ಇನ್ನು ನಿಮ್ಮ ವಿಷಯ. ಸಂಬಳ ಡಾಲರಿನಲ್ಲಿ ಇರಲಿ ಅಂತ ಈಗಲೇ ಮಾತಾಡಿ. 2024ರ ಮಾರ್ಚ್‌ನಲ್ಲಿ ಒಂದೇ ದಿನದಲ್ಲಿ ಡಾಲರ್ ಸುಮಾರು 31 ಪೌಂಡಿನಿಂದ 50ರ ಹತ್ತಿರ ಹೋಯ್ತು. ಗೋಧಿ ಡಾಲರಿನಲ್ಲಿ ಬರೋದರಿಂದ ಸಬ್ಸಿಡಿ ಇಲ್ಲದ ಹಿಟ್ಟು, ಫಿನೋ ಅನ್ನೋ ಬಿಳಿ ಉದ್ದ ಬ್ರೆಡ್ಡು ಎಲ್ಲಕ್ಕೂ ಅದರ ಬಿಸಿ ತಟ್ಟುತ್ತೆ. ಮೂಟೆಗಟ್ಟಲೆ ಹಿಟ್ಟು ಕೂಡಿಡಬೇಡಿ, ಇಲ್ಲಿಯ ಸೆಖೆಗೆ ಹುಳ ಬೀಳುತ್ತೆ. ರಾಗಿ ಹಿಟ್ಟು ಮಾತ್ರ ಊರಿಂದಲೇ ತನ್ನಿ. ಎಲ್ಲಾದರೂ ಜನ ಗುಂಪುಗೂಡಿದ್ರೆ ಫೋನ್ ತೆಗೆದು ವಿಡಿಯೋ ಮಾಡಬೇಡಿ, ಪ್ರತಿಭಟನೆ ಕಾನೂನು ಇಲ್ಲಿ ಬಹಳ ಬಿಗಿ. ಸಬ್ಸಿಡಿ ರೊಟ್ಟಿಯ ಕಿಟಕಿ ಹತ್ತಿರ ಬೇರೆಯವರ ಕಾರ್ಡಿನಲ್ಲಿ ತಗೊಳ್ಳೋಕೆ ಹೋಗಬೇಡಿ. ನಿಮ್ಮ ಕಟ್ಟಡ ಕಾಯೋ ಬವ್ವಾಬ್‌ನ ಮಕ್ಕಳ ಊಟ ಅದು. ಬೆಲೆ ಏರಿದ ತಿಂಗಳು ಅವನಿಗೆ ಕೊಡೋದನ್ನೂ ಏರಿಸಿ, ಅವನಾಗಿ ಕೇಳೋವರೆಗೆ ಕಾಯಬೇಡಿ.