ಗಾಳಾ ಹುಡುಕಲು ಹೋಗಿ ಗಳ ಎಣಿಸಿದ ಕತೆ

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಾನು ಆಪ್ತಸಮಾಲೋಚಕಿ. ಶಾರದಾ ನನ್ನ ಎದುರಿಗೆ ಕೂತವರು ಮೊದಲು ನೋಡಿದ್ದು ನನ್ನ ಉಗುರುಗಳನ್ನು. "ಕಚ್ಚುತ್ತೀರಾ ಮೇಡಂ?" ಅಂದರು. ಹೌದು, ಹೆಬ್ಬೆರಳಿನದ್ದು. ನನಗೂ ಚಟ ಇರಬಾರದಾ? ನಾನು ಅವರ ಕೈ ನೋಡಿದೆ. ಬಣ್ಣವಿಲ್ಲದ, ಗಿಡ್ಡಕ್ಕೆ ಕತ್ತರಿಸಿದ ಉಗುರು. ಉಗುರುಬಣ್ಣ ತೆಗೆಯುವ ಅಸಿಟೋನ್ ಮುಟ್ಟಿ ಮುಟ್ಟಿ ಬೆರಳ ತುದಿ ಬಿಳಿಚಿಕೊಂಡು ಸಿಪ್ಪೆ ಎದ್ದಿತ್ತು.

ವಯಸ್ಸು 33. ಕುಂದಾಪುರದ ಕಡೆಯವರು, ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದವರು. ಮುಲುಂಡಿನ ಒಂದು ಸಲೂನಿನಲ್ಲಿ ಆರು ವರ್ಷದಿಂದ ನೇಲ್ ಆರ್ಟಿಸ್ಟ್. ಗಂಡನಿಗೆ ಕೊರಿಯರ್ ಗೋದಾಮಿನಲ್ಲಿ ಕೆಲಸ, ಮಗಳು ಮೂರನೇ ಕ್ಲಾಸು, ಮನೆಯಲ್ಲಿ ಅತ್ತೆ. ತೊಂದರೆ ಅಂದರೆ ನಿದ್ದೆ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ, ಎದೆ ಹಿಡಿದುಕೊಂಡ ಹಾಗೆ. ಡಾಕ್ಟರು ಇಸಿಜಿ, ಥೈರಾಯ್ಡ್ ಎಲ್ಲ ನೋಡಿ ಸರಿ ಇದೆ ಅಂದಿದ್ದರು. ಅವರನ್ನು ಜಾಸ್ತಿ ಹೆದರಿಸಿದ್ದು ಕೈ ನಡುಕ. ಉಗುರಿನ ಬುಡದಲ್ಲಿ ಇ-ಫೈಲ್, ಅಂದರೆ ಉಗುರು ಉಜ್ಜುವ ಕರೆಂಟಿನ ಯಂತ್ರ, ಓಡಿಸುವಾಗ ಕೈ ನಡುಗಿದರೆ ಗಿರಾಕಿಯ ಬೆರಳಲ್ಲಿ ರಕ್ತ ಬರುತ್ತದೆ. ಒಂದು ಸಲ ಬಂದೂ ಆಗಿತ್ತು.

ಕಾರಣ ಅವರೇ ಹೇಳಿದರು. ಡೊಂಬಿವಲಿ ಪೂರ್ವದಲ್ಲಿ ಒಂದು ಗಾಳಾ ನೋಡಿದ್ದಾರೆ. ಮುಂಬಯಿ ಕಡೆ ಅಂಗಡಿ ಜಾಗಕ್ಕೆ ಹಾಗೆ ಹೇಳುತ್ತಾರೆ. ಹತ್ತಡಿ ಒಂಬತ್ತಡಿ. ಬಾಡಿಗೆ 18,000, ಡಿಪಾಸಿಟ್ ಒಂದು ಲಕ್ಷ. ಸ್ವಂತ ನೇಲ್ ಸ್ಟುಡಿಯೋ ಮಾಡಬೇಕು. ಮಾಲೀಕ ತಿಂಗಳ ಕೊನೆಗೆ ಉತ್ತರ ಕೇಳಿದ್ದಾನೆ. ಸಲೂನಿನ ಯಜಮಾನಿಗೆ ಇನ್ನೂ ಹೇಳಿಲ್ಲ. ಅವರನ್ನು ಶಾರದಾ "ಅಕ್ಕ" ಅಂತಲೇ ಕರೆಯುವುದು. ಅವರೂ ಊರ ಕಡೆಯವರೇ, ಕೈಹಿಡಿದು ಕೆಲಸ ಕಲಿಸಿದವರು.

"ಬಿಡೋಕೆ ಅಕ್ಕನ ಒಪ್ಪಿಗೆ ಯಾಕೆ ಬೇಕು?" ಅಂತ ಮೊದಲ ದಿನವೇ ಕೇಳಿಬಿಟ್ಟೆ. ಅವರು ಅರ್ಧ ಗಂಟೆ ಮತ್ತೆ ಬಾಯಿ ಬಿಡಲಿಲ್ಲ. ತಪ್ಪು ನನ್ನದೇ.

ಎರಡನೇ ಸಲ ಮಗಳ ಹಳೇ ನೋಟ್‌ಬುಕ್ ತಂದರು. ಖರ್ಚಿನ ಪಟ್ಟಿ: ಬಾಡಿಗೆ 18,000, ಲೈಟ್ ಬಿಲ್ 2,500, ಫೋನು, ಕಸ ಗುಡಿಸುವವರು ಸೇರಿ 1,500. ಒಟ್ಟು 22,000. "ನಿಮ್ಮ ಸಂಬಳ ಎಲ್ಲಿ?" ಅಂದೆ. ಅದು ಪಟ್ಟಿಯಲ್ಲೇ ಇರಲಿಲ್ಲ! ಸಲೂನಿನಲ್ಲಿ ಕಮಿಷನ್ ಸೇರಿ ಸುಮಾರು 30,000 ಕೈಗೆ ಬರುತ್ತಿತ್ತು. ಅದನ್ನೂ ಬರೆಸಿದೆ. 52,000 ಆಯಿತು. ಜೆಲ್ ಪಾಲಿಶ್, ಉಗುರು ಉದ್ದ ಮಾಡುವ ಎಕ್ಸ್‌ಟೆನ್ಷನ್, ಅದಕ್ಕೆ ಮೂರು ವಾರಕ್ಕೊಮ್ಮೆ ಬರುವ ರೀಫಿಲ್ ಎಲ್ಲ ಸೇರಿಸಿ, ಸಾಮಾನಿನ ಖರ್ಚು ಕಳೆದು ಒಬ್ಬ ಗಿರಾಕಿಯಿಂದ ಸರಾಸರಿ 1,200 ಉಳಿಯುತ್ತದೆ ಅಂದರು. ಅಂದರೆ ತಿಂಗಳಿಗೆ 44 ಜನ. 26 ದಿನ ಅಂಗಡಿ ತೆರೆದರೆ ದಿನಕ್ಕೆ ಇಬ್ಬರೂ ಬೇಡ. ಸಲೂನಿನಲ್ಲಿ ದಿನಕ್ಕೆ ನಾಲ್ಕು ಮಾಡುತ್ತಿದ್ದವರು ಅವರು. ಮುಖ ಅರಳಿತು. ನಾನೂ ಬೀಗಿದೆ.

ಆದರೆ ನಿದ್ದೆ ಬರಲಿಲ್ಲ. ಲೆಕ್ಕದ ಭಯವಾಗಿದ್ದರೆ ಲೆಕ್ಕ ಸರಿಹೋದ ಮೇಲೆ ಇಳಿಯಬೇಕಿತ್ತು, ಅಲ್ವಾ?

ಮೂರನೇ ಭೇಟಿಯಲ್ಲಿ ಕೇಳಿದೆ, "ನಿದ್ದೆ ಕೆಟ್ಟ ಮೊದಲ ರಾತ್ರಿ ನೆನಪಿದೆಯಾ?" ಗಾಳಾ ನೋಡಿದ ರಾತ್ರಿ ಇರಬಹುದು ಅಂದುಕೊಂಡಿದ್ದೆ. ಅಲ್ಲ. ಅದಾಗಿ ಹತ್ತು ದಿನದ ನಂತರ. ಆ ದಿನ ಸಲೂನ್ ಮುಚ್ಚುವ ಪಾಳಿ ಇವರದು. ಅಪಾಯಿಂಟ್‌ಮೆಂಟ್ ರಿಜಿಸ್ಟರ್ ಕೌಂಟರಿನ ಮೇಲೆ ಬಿದ್ದಿತ್ತು. ಒಂಬತ್ತು ಪುಟ ಫೋನಿನಲ್ಲಿ ಫೋಟೋ ಹೊಡೆದರು. ಗಿರಾಕಿಗಳ ಹೆಸರು, ನಂಬರು. ಆಮೇಲೆ ಒಂದು ನಂಬರಿಗೂ ಫೋನ್ ಮಾಡಿಲ್ಲ. ಆ ಫೋಟೋ ತೆರೆದೂ ನೋಡಿಲ್ಲ. ಆದರೆ ಅವತ್ತಿನಿಂದ ಫೋನು ದಿಂಬಿನ ಅಡಿಗೆ. ಗಂಡ ಮುಟ್ಟಿದರೆ ಸಿಡುಕು.

"ಗಾಳಾ ಹುಡುಕೋಕೆ ಹೋಗಿ ಉಂಡ ಮನೆಯ ಗಳ ಎಣಿಸಿದೆ ಮೇಡಂ," ಅಂದರು. ಅತ್ತಿದ್ದು ಆಗಲೇ.

ನಾನು ತಕ್ಷಣ ಸಮಾಧಾನ ಹೇಳಲಿಲ್ಲ. ಪರವಾಗಿಲ್ಲ, ಎಲ್ಲರೂ ಮಾಡ್ತಾರೆ ಅನ್ನಬಹುದಿತ್ತು. ಎಲ್ಲರೂ ಮಾಡುತ್ತಾರೆ ಅನ್ನುವುದೂ ನಿಜವೇ. ಆದರೆ ಅವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಎರಡು ವಿಷಯ ಬಿಡಿಸಿ ಇಟ್ಟೆ. ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕುವುದು ದ್ರೋಹವಲ್ಲ. ರಿಜಿಸ್ಟರಿನ ಫೋಟೋ ತೆಗೆದದ್ದು ತಪ್ಪು. ನೀವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಲೆ ಮೇಲೆ ಹೊತ್ತಿದ್ದೀರಿ, ಅದಕ್ಕೇ ಭಾರ. "ಫೋಟೋ ಏನು ಮಾಡ್ತೀರಿ?" ಅಂತ ಕೇಳಿ ಸುಮ್ಮನಾದೆ. ಅಲ್ಲೇ ಅಳಿಸಿದರು. ಅಳಿಸಿದ್ದು ಇನ್ನೂ ಎಲ್ಲಾದರೂ ಉಳಿದಿರುತ್ತದಾ ಅಂತ ಅವರೇ ಕೇಳಿ, ಡಿಲೀಟ್ ಆದ ಫೋಟೋಗಳ ಫೋಲ್ಡರಿಗೆ ಹೋಗಿ ಅಲ್ಲಿಂದಲೂ ತೆಗೆದರು.

ಇನ್ನು ಕಾಗದಪತ್ರದ ಸಂಗತಿ. ನಾನು ವಕೀಲೆಯಲ್ಲ, ಆದರೆ ಇಂಥ ಪ್ರಕರಣ ನೋಡಿ ನೋಡಿ ಅಷ್ಟಿಷ್ಟು ಗೊತ್ತು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ "ಬಿಟ್ಟ ಮೇಲೆ ಎರಡು ವರ್ಷ ಇದೇ ಕೆಲಸ ಮಾಡಬಾರದು" ಅಂತ ಇತ್ತು. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ವಕೀಲರೊಬ್ಬರಿಗೆ ತೋರಿಸಿ ಅಂದೆ, ತೋರಿಸಿದರು. ಶಾರದಾಗೆ ಗೊತ್ತೇ ಇಲ್ಲದ್ದು ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಸಿಗಬೇಕಾದ ದುಡ್ಡು. ಸಲೂನಿನಲ್ಲಿ 14 ಜನ ಕೆಲಸಕ್ಕಿದ್ದಾರೆ. ಹತ್ತು ಅಥವಾ ಹೆಚ್ಚು ಜನ ಇದ್ದರೆ ಕಾಯ್ದೆ ಅನ್ವಯಿಸುತ್ತದೆ, ಇವರಿಗೆ ಐದು ವರ್ಷ ತುಂಬಿದೆ. ಬೇಸಿಕ್ 18,000. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಆರು ವರ್ಷಕ್ಕೆ ಲೆಕ್ಕ ಹಾಕಿದರೆ 62,307 ರೂಪಾಯಿ. "ಅದೂ ಕೇಳಿದರೆ ಅಕ್ಕ ಏನಂದುಕೊಳ್ತಾರೆ?" ಅಂದರು. ದುಡಿದ ದುಡ್ಡು, ಕೇಳಲೇಬೇಕು ಅಂದೆ. ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿ.

ಗಾಳಾದ ಬಗ್ಗೆ ಹೆಚ್ಚು ಹೇಳಲಿಲ್ಲ. ಲೀವ್ ಅಂಡ್ ಲೈಸೆನ್ಸ್ (ಬಾಡಿಗೆಯ ಕರಾರುಪತ್ರ) ಬರೆಸಿ ರಿಜಿಸ್ಟರ್ ಮಾಡಿಸಿ, ಮಹಾರಾಷ್ಟ್ರದಲ್ಲಿ ಅದು ಕಡ್ಡಾಯ. ಮಾಲೀಕ ಒಂದು ವರ್ಷದ ಲಾಕ್-ಇನ್ ಕೇಳಿದ್ದ, ಅಂದರೆ ನಡುವೆ ಬಿಟ್ಟರೂ ವರ್ಷದ ಬಾಡಿಗೆ ಕಟ್ಟಬೇಕು. ಆರು ತಿಂಗಳಿಗೆ ಇಳಿಸಿಕೊಳ್ಳಿ ಅಂದೆ. ಇಳಿಸಿದ. ಅಕ್ರಿಲಿಕ್ ವಾಸನೆ ಪಕ್ಕದ ಅಂಗಡಿಗೆ ಹೋಗದ ಹಾಗೆ ಎಕ್ಸಾಸ್ಟ್ ಫ್ಯಾನ್ ಹಾಕಲು ಜಾಗ ಇದೆಯಾ ಅಂತ ನೋಡಲು ನಾನು ಹೇಳಬೇಕಿರಲಿಲ್ಲ. ಅವರೇ ನೋಡಿದ್ದರು.

ನಿದ್ದೆಗೆ ಒಂದು ಉಪಾಯ ಹೇಳಿದೆ. ಚಿಂತೆಗೆ ಹೊತ್ತು ಗೊತ್ತು ಮಾಡಿ, ಆ ಹೊತ್ತಲ್ಲಿ ಮನಸಾರೆ ಚಿಂತೆ ಮಾಡುವುದು. ಮನೆಯಲ್ಲಿ ಆಗುವುದಿಲ್ಲ ಅಂದರು. ಸರಿ, ಮುಲುಂಡಿನಲ್ಲಿ ಲೋಕಲ್ ಹತ್ತಿ ನಡುವಿನ ದಿವಾ ಸ್ಟೇಷನ್ ಬರುವವರೆಗೆ ಚಿಂತೆ, ದಿವಾ ದಾಟಿದ ಮೇಲೆ ಇಲ್ಲ. ಸಂಜೆಯ ಲೇಡಿಸ್ ಡಬ್ಬಿಯಲ್ಲಿ ಕಾಲಿಡಲು ಜಾಗ ಸಿಕ್ಕರೆ ಸಾಕು, ಚಿಂತೆಗೆ ಸೀಟು ಬೇಡ. ನಾಲ್ಕಕ್ಕೆ ಎಚ್ಚರವಾದರೆ "ಇದು ದಿವಾಕ್ಕೆ ಮೊದಲಿನದ್ದು, ನಾಳೆ ನೋಡೋಣ" ಅಂದುಕೊಳ್ಳಿ ಅಂದೆ. ನಕ್ಕರು, ಆದರೆ ಮಾಡಿದರು. ಮೂರು ವಾರದಲ್ಲೂ ನಡುಕ ನಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ ಅಂತಲೂ ಹೇಳಿದ್ದೆ. ಬೇಕಾಗಲಿಲ್ಲ.

ಅಕ್ಕನಿಗೆ ಹೇಳುವ ಮಾತನ್ನು ನನ್ನ ಕೋಣೆಯಲ್ಲಿ ನಾಲ್ಕು ಸಲ ಆಡಿಸಿದೆ. ನಾನು ಅಕ್ಕ. ಮೊದಲ ಸಲ ಅವರು ಏಳು ಸಲ "ಕ್ಷಮಿಸಿ" ಅಂದರು. ನಾಲ್ಕನೇ ಸಲ ಒಂದೇ ಸಲ, ಅದೂ ಫೋಟೋ ವಿಷಯಕ್ಕೆ. ಫೋಟೋ ಹೇಳಲೇಬೇಕು ಅಂತ ನಾನು ಹೇಳಿರಲಿಲ್ಲ. ಅಳಿಸಿ ಆಯಿತಲ್ಲ, ಸುಮ್ನೆ ಯಾಕೆ ಅಂತಲೇ ನನಗೆ ಅನಿಸಿತ್ತು. ಅವರಿಗೆ ಹಾಗನಿಸಲಿಲ್ಲ.

ಹೇಳಿದರು. ಅಕ್ಕ ಬೈಯಲಿಲ್ಲ. "ನೀನು ಹೋಗ್ತಿ ಅಂತ ಗೊತ್ತಿತ್ತು, ಆದರೆ ಫೋಟೋ ತೆಗಿತಿ ಅಂತ ಗೊತ್ತಿರಲಿಲ್ಲ," ಅಂದು ಒಳಗೆ ಹೋದರಂತೆ. ನೋಟಿಸಿನ ಒಂದು ತಿಂಗಳು ಮಾತೇ ಇಲ್ಲ. ಗ್ರಾಚ್ಯುಟಿ ಬ್ಯಾಂಕಿಗೆ ಬಂತು, ಪೂರ್ತಿ ಬಂತು, ಒಂದು ಮಾತಿಲ್ಲದೆ.

ಅಂಗಡಿ ಶುರುವಾದ ಮೇಲೆ ಕೊನೆಯ ಭೇಟಿಗೆ ಬಂದಿದ್ದರು. ಮೊದಲ ತಿಂಗಳು 31 ಗಿರಾಕಿ. ಖರ್ಚು ಕಳೆದು ಕೈಗೆ 15,200. ಅರ್ಧ ಸಂಬಳ. ಅತ್ತೆ ಅದನ್ನು ದಿನಾ ನೆನಪಿಸುತ್ತಾರಂತೆ. ನಿದ್ದೆ ಮಾತ್ರ ಮಗಳ ಡಬ್ಬಿ ಕಟ್ಟುವ ಐದೂವರೆಯವರೆಗೆ. ಹಳೇ ಗಿರಾಕಿಗಳಲ್ಲಿ ಆರು ಜನ ಇನ್‌ಸ್ಟಾಗ್ರಾಮಿನಲ್ಲಿ ನೋಡಿ ತಾವಾಗಿ ಹುಡುಕಿಕೊಂಡು ಬಂದಿದ್ದಾರೆ.

ಅಂಗಡಿ ಪೂಜೆಗೆ ಅಕ್ಕನಿಗೆ ಮೆಸೇಜ್ ಕಳಿಸಿದ್ದರು. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಇಲ್ಲ. "ಇನ್ನೊಂದು ಸಲ ಕಳಿಸಲಾ ಮೇಡಂ?" ಅಂತ ಫೋನು ನನ್ನ ಮುಂದೆ ಹಿಡಿದರು. ದೀಪಾವಳಿಗೆ ಒಂದು ಕಳಿಸಿ, ಅಲ್ಲಿಯವರೆಗೆ ಬೇಡ ಅಂದೆ.