ಲೆಸ್ಟರ್‌ನಲ್ಲಿ ರೂಮು, ರಾತ್ರಿ ಪಾಳಿ ಮತ್ತು ಶುಗರ್

“ಇಲ್ಲಿಗೆ ಬಂದ ನಮ್ಮವರಿಗೆಲ್ಲ ಬೇಗ ಶುಗರ್ ಬರುತ್ತಂತೆ, ನಮ್ಮ ಮಾವನಿಗೂ ಇತ್ತು, ನಮ್ಮನೆಯವರು ಅನ್ನ ಬಿಡಬೇಕಾ?” ಅಂತ ಕೇಳಿದ್ದೀರಿ. ನೀವು ನರ್ಸ್, ಅವರಿಗೆ ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ, ಇರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಶೇರಿಂಗ್ ಮನೆಯ ಒಂದು ರೂಮಲ್ಲಿ. ಅನ್ನದ ಮಾತು ಆಮೇಲಿರಲಿ.

ಬೇಗ ಶುಗರ್ ಬರೋದಂತೂ ನಿಜ. ಲಂಡನ್ನಿನ ಸೌತಾಲ್, ಬ್ರೆಂಟ್ ಕಡೆಯ ಜನರನ್ನು 1988ರಿಂದ ದಶಕಗಟ್ಟಲೆ ಗಮನಿಸಿದ್ದಾರೆ; ನಮ್ಮಂಥ ದಕ್ಷಿಣ ಏಷ್ಯಾ ಮೂಲದವರಲ್ಲಿ ಮಧುಮೇಹ ಬಿಳಿಯರ ಎರಡು ಪಟ್ಟಿಗೂ ಹೆಚ್ಚು. ಸಣಕಲಾಗಿ ಕಂಡರೂ ನಮಗೆ ಕೊಬ್ಬು ಸೇರೋದು ಹೊಟ್ಟೆಯೊಳಗೆ. ಹಾಗಾಗಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ಸಾಕು, ನಮಗೆ ಎಚ್ಚರಿಕೆ. ಆದರೆ ಮೈಗುಣವನ್ನು ಊರಿಂದಲೇ ತಂದಿದ್ದೀವಿ. ಅದಕ್ಕೆ ಗೊಬ್ಬರ ಬೀಳೋದು ಇಲ್ಲಿ.

ನಿಮ್ಮಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೀನಿ. ಫ್ರಿಜ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಜಾಗ, ಐದು ಜನಕ್ಕೆ ಒಂದು ಒಲೆ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದವರು ಸರದಿ ಕಾದು ಸೊಪ್ಪು ಬಿಡಿಸ್ತಾ ಕೂರ್ತಾರಾ? ಫ್ರೋಜನ್ ಪರೋಟ, ಇಲ್ಲಾ ಚಿಪ್ಸ್. ರೇಡಿಯೇಟರ್ ಮೇಲೆ ಬಟ್ಟೆ ಒಣಗಿಸಿ ಬೀರುವಿನ ಹಿಂದೆ ಕಪ್ಪು ಬೂಷ್ಟು. ನಿಮ್ಮನೆಯವರು ಹಗಲು ಮಲಗೋ ಹೊತ್ತಿಗೆ ಪಕ್ಕದ ರೂಮಿನವರ ಫೋನ್ ಮಾತು. ನಿದ್ದೆಗೆಟ್ಟು, ನಡುರಾತ್ರಿ ಉಂಡರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ನರ್ಸಮ್ಮನಿಗೆ ನಾನು ಹೇಳಬೇಕಾಗಿಲ್ಲ. ಇದನ್ನೆಲ್ಲ ಬಿಟ್ಟು “ಬೆಲ್‌ಗ್ರೇವ್ ರೋಡಿನ (ಲೆಸ್ಟರ್‌ನಲ್ಲಿ ನಮ್ಮವರ ಅಂಗಡಿ ಬೀದಿ) ಜಿಲೇಬಿ ತಿಂದು ಬಂತು” ಅನ್ನೋರನ್ನ ಕಂಡರೆ ನನಗೆ ಸಿಟ್ಟು.

ಊಟವಷ್ಟೇ ಅಲ್ಲ, ಕೆಲಸವೂ ಕಾಯಿಲೆಗೆ ಕಾರಣ ಆಗುತ್ತೆ. ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ಪರೀಕ್ಷಿಸಿದ ವೈಟ್‌ಹಾಲ್ ಅಧ್ಯಯನ ಕೇಳಿರಬಹುದು. ಹೊಟ್ಟೆಗಿಲ್ಲದವರು ಅವರಲ್ಲಿ ಯಾರೂ ಇರಲಿಲ್ಲ. ಆದರೂ ತೀರಾ ಕೆಳದರ್ಜೆಯವರು ಹೃದ್ರೋಗದಿಂದ ಸತ್ತದ್ದು ಮೇಲಧಿಕಾರಿಗಳ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ ಲೆಕ್ಕ ಕಳೆದರೂ ಅಂತರ ಉಳೀತು. ಸಂಶೋಧಕ ಮೈಕೆಲ್ ಮಾರ್ಮಟ್ ಆಮೇಲೆ ತೋರಿಸಿದ್ದು, ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರೋದೂ ಒಂದು ಕಾರಣ ಅಂತ.

ಅದಕ್ಕೇ ಹೇಳ್ತೀನಿ, ಮೊದಲು ಪಾಳಿ ಬದಲಾಯಿಸಿಕೊಳ್ಳೋಕೆ ನೋಡಿ. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ದಿನದಿಂದಲೇ ಸಮಯ ಬದಲಾವಣೆ ಕೇಳೋ ಹಕ್ಕಿದೆ. ಕೊಟ್ಟೇ ಕೊಡ್ತಾರೆ ಅಂತಲ್ಲ, ಕೇಳಿ. ರಾತ್ರಿ ಪಾಳಿಯವರಿಗೆ ಕಂಪನಿಯೇ ಉಚಿತವಾಗಿ ಆರೋಗ್ಯ ತಪಾಸಣೆ ಒದಗಿಸಬೇಕು, ಕಾನೂನೇ ಇದೆ. ಕೇಳದಿದ್ದರೆ ಎಷ್ಟೋ ಕಡೆ ಬಾಯೇ ಬಿಡಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತಾನಾಗೇ ತಪಾಸಣೆಗೆ ಕರೆಯೋದು 40 ಆದ ಮೇಲೆ. ನಮ್ಮವರು 25ರಿಂದಲೇ ಅಪಾಯ ಎಷ್ಟಿದೆ ಅಂತ ನೋಡಿಸಿಕೊಳ್ಳಬೇಕು. ಜಿಪಿ (ಮನೆ ಡಾಕ್ಟರ್) ಹತ್ತಿರ ಹೋಗಿ ಮಾವನವರ ವಿಷಯ ಹೇಳಿ, ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ.

ಅನ್ನ ಬಿಡೋದು ಬೇಡ. ಕಮ್ಮಿ ಮಾಡಿ, ಹುಳಿಗೆ ಬೇಳೆ ತರಕಾರಿ ಜಾಸ್ತಿ ಹಾಕಿ. ಮತ್ತೆ ಮನೆ ಬದಲಾಯಿಸೋವಾಗ ಬಾಡಿಗೆ ಐವತ್ತು ಪೌಂಡ್ ಹೆಚ್ಚಾದರೂ ಸ್ವಂತ ಅಡುಗೆಮನೆ ಇರೋದನ್ನೇ ಹಿಡೀರಿ.