ಜಡಿಮಳೆಯ ಊರಿಗೆ ಯಾವ ಐರಿಸ್?

ಪ್ರಶ್ನೆ: ಆನ್‌ಲೈನ್‌ನಲ್ಲಿ ನೇರಳೆ ಐರಿಸ್‌ನ ಆರು ಗೆಡ್ಡೆ ತರಿಸಿ ಮೇ ಕೊನೆಗೆ ಅಂಗಳದ ಬದಿಯಲ್ಲಿ ನೆಟ್ಟೆವು. ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿಯುವ ಮೊದಲೇ ಎಲ್ಲವೂ ಕೊಳೆತು ನಾರಿದವು. ನಮ್ಮಲ್ಲಿ ಐರಿಸ್ ಆಗುವುದೇ ಇಲ್ಲವೇ? (ಓದುಗರು, ಬದಿಯಡ್ಕ)

ಉತ್ತರ: ಆಗುತ್ತದೆ, ಆದರೆ ನೀವು ತರಿಸಿದ ಜಾತಿ ಅಲ್ಲ. ಮೂರು ಎಸಳು ಮೇಲಕ್ಕೆ ನಿಂತು, ಮೂರು ಕೆಳಕ್ಕೆ ಜೋತು, ಜೋತ ಎಸಳಿನ ನಡುವೆ ಕಂಬಳಿಹುಳದಂತೆ ರೋಮದ ಸಾಲು ಇದ್ದರೆ ಅದು ಬಿಯರ್ಡೆಡ್ ಐರಿಸ್. ಅದರ ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲು ಕಾಯುತ್ತಿರಬೇಕು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆಯಲ್ಲಿ ಅದಕ್ಕೆ ಬ್ಯಾಕ್ಟೀರಿಯಾದ ಮೆದು ಕೊಳೆರೋಗ ತಗಲುತ್ತದೆ. ನಾತಕ್ಕೆ ಅದೇ ಕಾರಣ. ಮಾಡಿನ ಕೆಳಗಿಟ್ಟು ಉಳಿಸಿದರೂ ಚಳಿ ಸಾಲದೆ ಹೂ ಬಿಡದು. ಡಚ್ ಐರಿಸ್‌ನ ಕತೆಯೂ ಹೀಗೆಯೇ: ಶೀತಲಗೃಹದಲ್ಲಿಟ್ಟ ಗೆಡ್ಡೆ ಒಂದು ಸಲ ಅರಳೀತು, ಮರುವರ್ಷಕ್ಕೆ ನೆಚ್ಚಬೇಡಿ.

ಬಾವಿಕಟ್ಟೆಯ ಬಳಿ ನೀರು ಜಿನುಗುವ, ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗವಿದ್ದರೆ ಲೂಯಿಸಿಯಾನ ಐರಿಸ್ ನೆಡಿ. ನಮ್ಮ ಮಟ್ಟಿಗೆ ನಿಜವಾದ ಐರಿಸ್‌ಗಳಲ್ಲಿ ಮೊದಲ ಆಯ್ಕೆ ಇದೇ. ಅಮೆರಿಕದ ಜೌಗುನೆಲದ ಸಸ್ಯ. ಸೆಕೆ, ಹಸಿ, ಹುಳಿಮಣ್ಣು ಮೂರೂ ಇಷ್ಟ. ಮುರಕಲ್ಲಿನ ಮಣ್ಣು ತಾನಾಗಿ ಹುಳಿ ಇರುವುದರಿಂದ ಅಡಿಕೆಗೆ ಹಾಕಿದಂತೆ ಸುಣ್ಣ, ಬೂದಿ ಇದಕ್ಕೆ ಹಾಕಬೇಡಿ. ಹಾಕಿದರೆ ಎಲೆ ಹಳದಿಯಾಗುತ್ತದೆ. ಗೆಡ್ಡೆಯನ್ನು 2–3 ಸೆಂ.ಮೀ. ಆಳಕ್ಕೆ ಇಟ್ಟು ಮೇಲೆ ತರಗೆಲೆ ಹೊದಿಸಿ, ಬಿಸಿಲಿಗೆ ತೆರೆದ ಗೆಡ್ಡೆ ಬೇಯುತ್ತದೆ. ಮಾರ್ಚ್–ಮೇ ತಿಂಗಳಲ್ಲಿ ನೀರು ತಪ್ಪಿಸಬಾರದು.

ಪೂರ್ತಿ ಬಿಸಿಲಿಗೆ ಬ್ಲ್ಯಾಕ್‌ಬೆರಿ ಲಿಲಿ. ಹೆಸರು ಲಿಲಿಯಾದರೂ 2005ರಿಂದ ಸಸ್ಯಶಾಸ್ತ್ರಜ್ಞರು ಇದನ್ನು ಐರಿಸ್ ಕುಲಕ್ಕೇ ಸೇರಿಸಿದ್ದಾರೆ. ಕಿತ್ತಳೆ ಎಸಳಿನ ಮೇಲೆ ಕೆಂಪು ಚುಕ್ಕೆ. ಒಂದು ಹೂವಿಗೆ ಒಂದೇ ದಿನದ ಆಯುಷ್ಯ, ಆಮೇಲೆ ಹಿಂಡಿದ ಬಟ್ಟೆಯಂತೆ ಸುತ್ತಿಕೊಳ್ಳುತ್ತದೆ. ಕಾಯಿ ಒಡೆದಾಗ ಕಾಣುವ ಮಿರುಗುವ ಕಪ್ಪು ಬೀಜದ ಗೊಂಚಲೇ ಹೂವಿಗಿಂತ ಚೆಂದ. ಬುಡದಲ್ಲಿ ನೀರು ನಿಂತರೆ ಇದೂ ಕೊಳೆಯುತ್ತದೆ, 20 ಸೆಂ.ಮೀ. ಎತ್ತರದ ಏರು ಮಾಡಿ ನೆಡಿ. ಪಾಗಾರದ ಬುಡಕ್ಕೆ ಆಫ್ರಿಕನ್ ಐರಿಸ್ (ಡಯೆಟಿಸ್) ಸಾಕು, ಹೆಚ್ಚು ಆರೈಕೆ ಕೇಳುವುದಿಲ್ಲ. ಬಿಳಿ ಹೂವಿನದಾದರೆ ಹಳೆಯ ದಂಟು ಕತ್ತರಿಸಬೇಡಿ, ಅದರಲ್ಲೇ ಮತ್ತೆ ಮೊಗ್ಗು ಬರುತ್ತದೆ.

ಹಳದಿ ಹೂವಿನ ಫ್ಲ್ಯಾಗ್ ಐರಿಸ್ ಸಿಕ್ಕರೂ ತೋಡಿನ ಬದಿಗೆ ಖಂಡಿತ ಬೇಡ. ಗೆಡ್ಡೆಯ ತುಂಡು, ಬೀಜ ಎರಡೂ ನೀರಿನಲ್ಲಿ ತೇಲಿಹೋಗಿ ಹಬ್ಬುತ್ತವೆ. ಐರಿಸ್ ಗೆಡ್ಡೆಗಳು ದನ, ನಾಯಿಗಳಿಗೆ ವಿಷಕಾರಿ. ಕತ್ತರಿಸಿದ್ದನ್ನು ಹಟ್ಟಿಯ ಹತ್ತಿರ ಎಸೆಯಬೇಡಿ.

ಪ್ರಶ್ನೆ: ನೆರಳಿನಲ್ಲಿಟ್ಟ ವಾಕಿಂಗ್ ಐರಿಸ್‌ನಲ್ಲಿ ಎರಡು ವರ್ಷದಿಂದ ಎಲೆ ಮಾತ್ರ. (ಓದುಗರು, ಪೆರ್ಲ)

ಉತ್ತರ: ಬೀಸಣಿಗೆಯಂತಿರುವ ಒಂದು ಗಿಡದಲ್ಲಿ ಎಲೆಗಳನ್ನು ಎಣಿಸಿ. ಸುಮಾರು 12 ಆಗುವ ತನಕ ಸಾಮಾನ್ಯವಾಗಿ ಹೂ ಬರುವುದಿಲ್ಲ. ಅಷ್ಟಿದ್ದರೂ ಹೂವಿಲ್ಲದಿದ್ದರೆ ಕತ್ತಲೆ ಹೆಚ್ಚಾಗಿದೆ, ಇಲ್ಲವೇ ಹಟ್ಟಿಗೊಬ್ಬರ ಅತಿಯಾಗಿದೆ. ಬೆಳಗಿನ ಬಿಸಿಲು ಎರಡು ಗಂಟೆ ತಾಗುವಲ್ಲಿಗೆ ಚಟ್ಟಿಯನ್ನು ಸರಿಸಿ. ಇನ್ನೊಂದು ತಪ್ಪು ತುಂಬ ಕಡೆ ಆಗುತ್ತದೆ: ಇದರ ಹೂದಂಟು ಎಲೆಯಂತೆಯೇ ಚಪ್ಪಟೆ, ಉದ್ದ ಬೆಳೆದ ಎಲೆಯೆಂದು ಸವರಿಬಿಡುತ್ತಾರೆ. ಹೂ ಬಾಡಿದಲ್ಲೇ ಮರಿ ಹುಟ್ಟಿ ದಂಟು ಬಾಗುತ್ತದೆ. ಆ ಮರಿಯನ್ನು ಪಕ್ಕದ ಚಟ್ಟಿಯ ಮಣ್ಣಿಗೆ ಒತ್ತಿ, ಬಗ್ಗಿಸಿದ ತಂತಿಯಿಂದ ಹಿಡಿಸಿ. ಎಳೆದರೆ ಬಾರದಷ್ಟು ಬೇರು ಹಿಡಿದ ಮೇಲೆ ತಾಯಿಯಿಂದ ಬೇರ್ಪಡಿಸಿ.

ಪ್ರಶ್ನೆ: ನಮ್ಮ ಚಳಿಗೆ ಬಿಯರ್ಡೆಡ್ ಐರಿಸ್ ಆದೀತೇ? (ಓದುಗರು, ನೀಲಗಿರಿ ಬೆಟ್ಟದ ಕೋಟಗಿರಿ)

ಉತ್ತರ: ಪ್ರಯತ್ನಿಸಬಹುದು. ಮಳೆ ಪೂರ್ತಿ ಬಿಟ್ಟ ಮೇಲೆ, ಇಳಿಜಾರಿನ ಏರಿನಲ್ಲಿ, ಬೆನ್ನು ಕಾಣುವಂತೆ 30–40 ಸೆಂ.ಮೀ. ಅಂತರದಲ್ಲಿ ನೆಡಿ. ಚಹಾ ಬೆಳೆಯುವ ಹುಳಿಮಣ್ಣಾದರೆ ಸ್ವಲ್ಪ ಸುಣ್ಣ ಬೆರೆಸಿ. ಮೂರು–ನಾಲ್ಕು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ ಗೆಡ್ಡೆ ಕಿತ್ತು, ನಡುವಿನ ಹಳೆಯ ಭಾಗ ಎಸೆದು ಅಂಚಿನ ಎಳೆಯದನ್ನು ಮಾತ್ರ ಮರಳಿ ನೆಡಿ.